ಕುಶಾಲಪ್ಪ ಮೇಷ್ಟ್ರ ಫೋಟೋ ಮತ್ತು ನನ್ನ ಎರಡು ಕೈ

ಯಾವುದೇ ಸಂಘಕ್ಕೆ ಕಾರ್ಯದರ್ಶಿಯಾಗುವವನಿಗೆ ಎರಡು ಅರ್ಹತೆಗಳಲ್ಲಿ ಒಂದಾದರೂ ಇರಬೇಕು. ಒಂದೋ ಅವನ ಅಕ್ಷರ ದುಂಡಗಿರಬೇಕು, ಇಲ್ಲವೇ ಅವನಿಗೆ ಯಾರಿಗೂ ‘ಆಗಲ್ಲ’ ಎನ್ನಲು ಬರಬಾರದು. ದೇವರು ನನಗೆ ಎರಡನ್ನೂ ಧಾರಾಳವಾಗಿ ಕೊಟ್ಟಿದ್ದಾನೆ. ಹೀಗಾಗಿ ಪಿರಿಯಾಪಟ್ಟಣದಲ್ಲಿ ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡು ತಣ್ಣಗಿದ್ದ ನಾನು, ನಾವು ಓದಿದ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿಯಾದೆ. ಶಾಮಿಯಾನದವನಿಗೆ ಫೋನು ಮಾಡುವುದು, ಬಂದ ಕುರ್ಚಿಗಳಲ್ಲಿ ಕಾಲು ಮುರಿದದ್ದನ್ನು ಮುಖ್ಯ ಅತಿಥಿಗಳ ಕೆಳಗಿನಿಂದ ಉಪಾಯವಾಗಿ ಬದಲಾಯಿಸುವುದು, ನಡಾವಳಿ ಪುಸ್ತಕ ಬರೆಯುವುದು, ಇಷ್ಟು ನನ್ನ ಅಧಿಕಾರ. ನನ್ನ ಹೆಂಡತಿ ಗಿರಿಜಾ ಕೆ.ಆರ್. ನಗರದ ಕಡೆಯವಳು, ನೀರಾವರಿ ಗದ್ದೆಯ ಮನೆತನ, ಮಾತಿಗೆ ಬರಗಾಲವಿಲ್ಲ. ‘ಮನೇಲಿ ಒಂದು ಮೊಳೆ ಹೊಡೀರಿ ಅಂದ್ರೆ ಕೈ ಬರಲ್ಲ, ಸ್ಕೂಲಿನ ಗೋಡೆಗೆಲ್ಲ ನೀವೇ ಮೊಳೆ ಹೊಡೀತೀರಿ’ ಎಂದು ಆಗಾಗ ಚುಚ್ಚುತ್ತಿರುತ್ತಾಳೆ.

ಆ ಗೋಡೆಯೇ ಈಗ ಹೇಳಹೊರಟಿರುವ ಫಜೀತಿಯ ಮೂಲ. ಶಾಲೆಯ ಉದ್ದನೆಯ ವರಾಂಡದಲ್ಲಿ ‘ಹೆಮ್ಮೆಯ ಗೋಡೆ’ ಎಂದು ಮಾಡಿ, ಶಾಲೆಗೆ ಹೆಸರು ತಂದವರ ಫೋಟೋಗಳನ್ನು ಸಾಲಾಗಿ ಹಾಕಬೇಕೆಂದು ಸಂಘ ತೀರ್ಮಾನಿಸಿತು. ತೀರ್ಮಾನವಾದ ಮರುದಿನದಿಂದ ಊರಿನಲ್ಲಿ ಅರ್ಧ ಜನ ಸ್ಟುಡಿಯೋದ ಮುಂದೆ ಕ್ರಾಪು ಬಾಚಿಕೊಂಡು ನಿಂತರು. ನಮ್ಮ ಸಮಿತಿಯಲ್ಲೇ ಇದ್ದ ನಿವೃತ್ತ ಮೇಷ್ಟ್ರು ಪುಟ್ಟಸ್ವಾಮಿ, ತಾವು ನೌಕರರ ಕೇರಂ ಪಂದ್ಯದಲ್ಲಿ ಎರಡನೇ ಬಹುಮಾನ ಪಡೆದ ಕಾರಣಕ್ಕೆ ಕ್ರೀಡಾ ವಿಭಾಗದಲ್ಲಿ ತಮ್ಮ ಫೋಟೋ ಬರಬೇಕೆಂದು ಪಟ್ಟು ಹಿಡಿದರು. ಮುಖಕ್ಕೆ ಹೊಡೆದಂತೆ ‘ಆಗಲ್ಲ’ ಎನ್ನಲು ಬಾರದ ನಾನು ರಾತ್ರೋರಾತ್ರಿ ಬುದ್ಧಿವಂತನಾಗಿ ಒಂದು ನಿಯಮ ಬರೆದೆ: ‘ಕ್ರೀಡಾ ವಿಭಾಗದಲ್ಲಿ ಸ್ಥಾನ ಪಡೆಯಲು ಈ ಶಾಲೆಗೆ ಜಿಲ್ಲಾ ಮಟ್ಟದ ಒಂದು ಕಪ್ಪನ್ನಾದರೂ ತಂದುಕೊಟ್ಟಿರತಕ್ಕದ್ದು.’ ‘ತಕ್ಕದ್ದು’ ಎಂಬ ಪದ ನೋಡಿದರೆ ನಮ್ಮ ಕಡೆ ಯಾರೂ ಎದುರು ಮಾತಾಡುವುದಿಲ್ಲ. ಪುಟ್ಟಸ್ವಾಮಿಗಳು ತಣ್ಣಗಾದರು. ನಾನು ಒಳಗೊಳಗೇ ಮೀಸೆ ತಿರುವಿದೆ.

ಮುಂದಿನ ಸಭೆಯಲ್ಲಿ ಕ್ರೀಡಾ ವಿಭಾಗಕ್ಕೆ ನಾನೇ ನಮ್ಮ ಫುಟ್ಬಾಲ್ ಕೋಚ್ ಕುಶಾಲಪ್ಪ ಮೇಷ್ಟ್ರ ಹೆಸರು ಸೂಚಿಸಿದೆ. ಅಧ್ಯಕ್ಷ ನಂಜೇಗೌಡ ನನ್ನ ಸಹಪಾಠಿ, ಶಾಲೆಯ ಫುಟ್ಬಾಲ್ ತಂಡದಲ್ಲಿ ಮುಂದಿನ ಸಾಲಿನ ಆಟಗಾರ, ಈಗ ಹಾರನಹಳ್ಳಿ ಕಡೆ ಹೊಗೆಸೊಪ್ಪು ಬೆಳೆಯುವ ದೊಡ್ಡ ಕುಳ. ಅವನು ಕನ್ನಡಕ ಏರಿಸಿ ನನ್ನದೇ ದುಂಡು ಅಕ್ಷರವನ್ನು ನನಗೇ ಓದಿ ಹೇಳಿದ. ‘ಮೇಷ್ಟ್ರು ಜಿಲ್ಲಾ ಕಪ್ ಎಲ್ಲಿ ತಂದವ್ರೆ ಯೋಳ್ಲಾ ಸಿದ್ದ? ಒಂದೇ ಒಂದ್ ಸಲ ಫೈನಲ್ಲಿಗೆ ಓದ್ವಿ. ಅದನ್ನೂ ಅವರೇ ಎಡವಟ್ ಯೋಳ್ಕೊಟ್ಟು ಕಳದ್ರು. ಮರ್ತೋಯ್ತಾ?’ ಪುಟ್ಟಸ್ವಾಮಿಗಳು ‘ನಿಯಮ ಅಂದ್ಮೇಲೆ ಎಲ್ಲರಿಗೂ ಒಂದೇ ಅಲ್ವೇ?’ ಎಂದು ಬಹಳ ಸಿಹಿಯಾಗಿ ನಕ್ಕರು. ನನಗೆ ಮರೆತಿರಲಿಲ್ಲ. ಆ ಫೈನಲ್ಲನ್ನು ಮರೆಯುವ ಅವಕಾಶ ಭೂಮಿಯ ಮೇಲೆ ಯಾರಿಗಾದರೂ ಇಲ್ಲದಿದ್ದರೆ ಅದು ನನಗೆ.

ಕುಶಾಲಪ್ಪ ಮೇಷ್ಟ್ರ ಬಗ್ಗೆ ನಿಮಗೆ ಹೇಳಲೇಬೇಕು. ಕೊಡಗಿನವರು. ಕೊಡಗಿನಲ್ಲಿ ಕೂಸು ತೊಟ್ಟಿಲಿನಿಂದ ಇಳಿಯುವಾಗಲೇ ಹಾಕಿ ಸ್ಟಿಕ್ ಹಿಡಿದಿರುತ್ತದೆ ಎನ್ನುತ್ತಾರೆ. ಇವರೊಬ್ಬರು ಅದನ್ನು ಬಿಟ್ಟು ಕೇರಳದ ಗಡಿಯಲ್ಲಿ ಕೂಲಿ ಆಟಗಾರನಾಗಿ ಫುಟ್ಬಾಲ್ ಆಡಿ, ಮೊಣಕಾಲು ಕೆಡಿಸಿಕೊಂಡು, ನಮ್ಮ ಶಾಲೆಗೆ ಕೋಚ್ ಆಗಿ ಬಂದರು. ಸಂಬಳ ತೆಗೆದುಕೊಂಡು ಬರೀ ಫುಟ್ಬಾಲ್ ಕಲಿಸಿದ ಮನುಷ್ಯ ನಮ್ಮ ತಾಲ್ಲೂಕಿನಲ್ಲಿ ಇವರೇ ಮೊದಲು, ಬಹುಶಃ ಇವರೇ ಕೊನೆ. ಮೈದಾನವೆಂದರೆ ಸಂತೆಮಾಳ. ಸಂತೆಯ ಮರುದಿನ ಅಲ್ಲಿ ಬಾಲಿಗಿಂತ ಕೊಳೆತ ಟೊಮೇಟೊಗೆ ಒದ್ದದ್ದೇ ಹೆಚ್ಚು. ಹೆಣ್ಣುಮಕ್ಕಳು ಒದೆಯುವ ಆಟ ಆಡಬಾರದು ಎಂದು ಊರು ಗೊಣಗುತ್ತಿದ್ದ ಕಾಲದಲ್ಲಿ ಇವರು ಅವರದೂ ಒಂದು ತಂಡ ಕಟ್ಟಿ, ಆಟ ಮುಗಿದ ಮೇಲೆ ಕುಂಟುಗಾಲಿನಲ್ಲಿ ಒಬ್ಬೊಬ್ಬಳನ್ನೂ ಅವಳ ಹಳ್ಳಿಯ ತನಕ ನಡೆಸಿಕೊಂಡು ಹೋಗಿ ಬಿಟ್ಟು ಬರುತ್ತಿದ್ದರು. ಆ ಹುಡುಗಿಯರಲ್ಲಿ ಒಬ್ಬಳು ಈಗ ಎಚ್.ಡಿ. ಕೋಟೆಯಲ್ಲಿ ಬಸ್ ಕಂಡಕ್ಟರ್. ಫುಟ್‌ಬೋರ್ಡಿನ ಮೇಲೆ ಅವಳು ನಿಲ್ಲುವ ಠೀವಿ ನೋಡಿದರೆ ಇವಳಿಗೆ ಕಲಿಸಿದವರು ಯಾರೆಂದು ನನಗೆ ಗೊತ್ತಾಗುತ್ತದೆ. ಹೆಮ್ಮೆಯಿಂದ ಟಿಕೆಟ್ ತೆಗೆದುಕೊಳ್ಳುತ್ತೇನೆ.

ನಮ್ಮ ಸೀಮೆಯಲ್ಲಿ ಫುಟ್ಬಾಲಿಗೆ ದೊಡ್ಡ ಶತ್ರು ಹೊಗೆಸೊಪ್ಪು. ಸೊಪ್ಪು ಹದಗೊಳಿಸುವ ಮನೆಗೆ ನಾವು ಬ್ಯಾರನ್ ಎನ್ನುತ್ತೇವೆ. ಎರಡಾಳೆತ್ತರದ ಕೋಣೆ, ಒಳಗೆ ನೆಲದಿಂದ ಸೂರಿನವರೆಗೆ ಅಡ್ಡ ಮರಗಳು. ಹಸಿ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಅಲ್ಲಿ ತುಂಬಿಸಬೇಕು. ಕೆಳಗಿನವನು ಎತ್ತಿ ಕೊಟ್ಟದ್ದನ್ನು ನಡುವಿನವನು ಎದೆಯ ಮುಂದೆ ಹಿಡಿದು, ತಿರುಗಿ ನೋಡದೆ, ತಲೆಯ ಮೇಲಿಂದ ಹಿಂದಕ್ಕೆತ್ತಿ ಮೇಲಿನವನಿಗೆ ದಾಟಿಸಬೇಕು. ಬ್ಯಾರನ್ ತುಂಬುವ ದಿನ ಯಾವ ಅಪ್ಪನೂ ಮಗನನ್ನು ಆಟಕ್ಕೆ ಕಳಿಸುವುದಿಲ್ಲ. ಆಗ ಕುಶಾಲಪ್ಪ ಮೇಷ್ಟ್ರು ಆ ಮನೆಗೆ ಹೋಗಿ ಅಂಗಿ ಬಿಚ್ಚಿ ಮೊಳೆಗೆ ತಗುಲಿಹಾಕಿ, ‘ಹುಡುಗನನ್ನು ಬಿಡಿ ಗೌಡರೇ, ಅವನ ಬದಲು ನಾನು ಹತ್ತುತ್ತೇನೆ’ ಎಂದು ಆ ಕೆಟ್ಟ ಮೊಣಕಾಲಿನಲ್ಲೇ ಅಡ್ಡ ಮರ ಏರುತ್ತಿದ್ದರು. ಹಾಗೆ ಹತ್ತಿದಾಗಲೇ ಒಮ್ಮೆ ನಡುವಿನ ಮರದ ಮೇಲಿದ್ದ ನನ್ನ ಕೈಚಳಕ ಅವರ ಕಣ್ಣಿಗೆ ಬಿತ್ತು. ‘ಎಂಥ ಕೈ ಉಂಟು ನಿನ್ನದು! ಒಂದು ಕಡ್ಡಿಯೂ ಜಾರಲಿಲ್ಲ’ ಎಂದು ನನ್ನನ್ನು ಅಲ್ಲಿಂದಲೇ ಇಳಿಸಿಕೊಂಡು ಹೋಗಿ ಗೋಲ್‌ಕೀಪರ್ ಮಾಡಿದರು.

ಇನ್ನು ಆ ಫೈನಲ್. ಎದುರು ಕೆ.ಆರ್. ನಗರದ ತಂಡ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಬ್ಯಾರನ್ ತುಂಬುವ ಕೆಲಸ. ಬೆಳಿಗ್ಗೆಯ ತನಕ ನಾನು ಕಡ್ಡಿ ದಾಟಿಸಿ, ಉಳಿದದ್ದಕ್ಕೆ ಮೇಷ್ಟ್ರು ಆಳು ಗೊತ್ತು ಮಾಡಿ, ನನ್ನನ್ನು ಬಸ್ಸಿಗೆ ಹತ್ತಿಸಿದ್ದರು. ಎರಡೂ ಕಡೆ ಗೋಲಿಲ್ಲ. ಸಮವಾದರೆ ಹಿಂದಿನ ಪಂದ್ಯಗಳಲ್ಲಿ ಹೆಚ್ಚು ಗೋಲು ಹೊಡೆದಿದ್ದ ನಮಗೇ ಕಪ್ಪು ಎಂದು ನಿಯಮ. ಆಟ ಮುಗಿಯಲು ಇನ್ನೇನು ಎರಡು ನಿಮಿಷ ಎನ್ನುವಾಗ ಅವರಿಗೆ ಪೆನಾಲ್ಟಿ ಸಿಕ್ಕಿತು. ಅವರ ಹುಡುಗ ಬಿರುಗಾಳಿಯಂತೆ ಬಂದು ಒದ್ದ. ಬಾಲು ನೇರ ನನ್ನ ಎದೆಗೆ ಬಂತು, ನಾನು ಎರಡೂ ಕೈಯಲ್ಲಿ ಗಪ್ಪನೆ ಹಿಡಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಇವತ್ತು ನನ್ನ ಫೋಟೋವೇ ಗೋಡೆಯ ಮೇಲಿರುತ್ತಿತ್ತು. ಆದರೆ ವಾರವಿಡೀ ಹಿಡಿದದ್ದನ್ನೆಲ್ಲ ದಾಟಿಸಿದ ಕೈಗಳು. ನಾನು ಹೇಳುವುದಕ್ಕೂ ಕಾಯದೆ ಅವು ಬಾಲನ್ನು ತಲೆಯ ಮೇಲಿಂದ ಹಿಂದಕ್ಕೆತ್ತಿ ದಾಟಿಸಿಬಿಟ್ಟವು. ತೆಗೆದುಕೊಳ್ಳಲು ಹಿಂದೆ ಯಾರಿದ್ದಾರೆ? ಬಲೆ ಇತ್ತು. ಕೆ.ಆರ್. ನಗರದವರಿಗೂ ಕೇಕೆ ಹಾಕಲು ಸ್ವಲ್ಪ ಹೊತ್ತು ಹಿಡಿಯಿತು, ಪಾಪ, ಅವರಿಗೂ ನಂಬಿಕೆ ಬರಲಿಲ್ಲ.

ನಂಜೇಗೌಡ ಆವತ್ತು ನನ್ನ ಕುತ್ತಿಗೆಗೇ ಕೈಹಾಕಲು ಓಡಿಬಂದ. ಮೇಷ್ಟ್ರು ಕುಂಟುತ್ತ ಬಂದು ನಡುವೆ ನಿಂತರು. ‘ಅವನನ್ನು ಮುಟ್ಟಬೇಡಿ. ಬಾಲ್ ಹಿಡಿಯಬೇಡ, ಕಂಬದ ಮೇಲಿಂದ ಆಚೆ ಹಾಕು ಅಂತ ಹೇಳಿದ್ದು ನಾನೇ. ತಪ್ಪು ನನ್ನದು’ ಎಂದರು. ಅವರು ಹಾಗೆ ಹೇಳಿಯೇ ಇರಲಿಲ್ಲ! ನಾನು ಬಾಯಿ ತೆರೆದೆ, ಅವರು ನನ್ನ ಹೆಗಲನ್ನು ಮೆತ್ತಗೆ ಒತ್ತಿದರು, ನಾನು ಬಾಯಿ ಮುಚ್ಚಿದೆ. ಮುಚ್ಚಿದ್ದು ಮುಚ್ಚಿದ ಹಾಗೇ ಮೂವತ್ತು ಚಿಲ್ಲರೆ ವರ್ಷ ಕಳೆಯಿತು. ‘ಎರಡು ಕೈಯಾಗೆ ಹಿಡಿಯೋ ಬಾಲನ್ನ ಆಚಿಕ್ ಆಕು ಅಂತ ಯೋಳ್ಕೊಡೋನು ಎಂಥ ಕೋಚು?’ ಎಂದು ಊರು ಆಡಿಕೊಂಡಾಗಲೆಲ್ಲ ನಾನು ಗೊಬ್ಬರದ ಚೀಲ ಎಣಿಸುವವನಂತೆ ತಲೆ ತಗ್ಗಿಸುತ್ತಿದ್ದೆ. ಮನೆಯಲ್ಲಂತೂ ನೆಲ ಒದ್ದೆಯಿತ್ತು, ಕಾಲು ಜಾರಿತು ಎಂದು ಮಕ್ಕಳಿಗೆ ಬೇರೆಯದೇ ಪುರಾಣ. ಹೀಗೆ ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಸಭೆಯಲ್ಲಿ ಹೆಸರು ಬಿದ್ದುಹೋದ ಸಂಜೆ ಮೇಷ್ಟ್ರ ಮನೆಗೆ ಹೋದೆ. ಎಂಬತ್ತು ದಾಟಿದೆ, ಶಾಲೆಯ ಹಿಂದಿನ ಬೀದಿಯಲ್ಲೇ ಇದ್ದಾರೆ, ಮಕ್ಕಳು ಆಡುವ ಸದ್ದು ಕೇಳುತ್ತದೆಂದು ಆ ಮನೆ ಬಿಟ್ಟಿಲ್ಲ. ‘ಗೋಡೆ ಮೇಲೆ ಹತ್ತಿ ಎಂಥ ಮಾಡುವುದು ಮಾರಾಯ? ನನಗೆ ಅದೆಲ್ಲ ಬೇಡ’ ಎಂದರು. ನನಗೆ ಎಷ್ಟೋ ಹಗುರವಾಯಿತು. ಅವರಿಗೇ ಬೇಡವಾದ ಮೇಲೆ ನಾನೇಕೆ ಬಾಯಿ ಬಿಡಬೇಕು? ಎದ್ದು ಚಪ್ಪಲಿ ಮೆಟ್ಟುತ್ತಿದ್ದೆ. ಆಗ ಅವರು, ಏನೋ ಮರೆತದ್ದು ನೆನಪಾದವರಂತೆ ಕಿಟಕಿಯ ಕಡೆ ನೋಡುತ್ತ, ‘ಅಲ್ಲ ಸಿದ್ದ, ಆ ಫ್ರೇಮಿನ ಅಳತೆ ಎಷ್ಟು?’ ಎಂದು ಕೇಳಿದರು. ನೋಡಿದರೆ ಮೇಜಿನ ಮೇಲೆ ಸ್ಟುಡಿಯೋದ ಕವರು. ಒಳಗೆ ಕೋಟು ತೊಟ್ಟು, ಕುತ್ತಿಗೆಗೆ ಸೀಟಿ ಹಾಕಿಕೊಂಡು, ಎದೆ ಸೆಟೆಸಿ ನಿಂತ ಕುಶಾಲಪ್ಪ ಮೇಷ್ಟ್ರು, ಮೂರು ಬೇರೆ ಬೇರೆ ಅಳತೆಯಲ್ಲಿ. ‘ನಾಳೆ ಅಳೆದು ಹೇಳ್ತೀನಿ ಸಾರ್’ ಎಂದು ಹೇಗೋ ಹೊರಗೆ ಬಂದೆ.

ಮರುದಿನವೇ ತುರ್ತು ಸಭೆ ಕರೆದೆ. ಕಾರ್ಯದರ್ಶಿಗೆ ಅಷ್ಟಾದರೂ ಅಧಿಕಾರವಿರುತ್ತದೆ. ಎಲ್ಲರಿಗೂ ಟೀ ಕೊಡಿಸಿ, ಮೂರು ಸಲ ಗಂಟಲು ಸರಿ ಮಾಡಿಕೊಂಡು, ಬ್ಯಾರನ್ನಿನಿಂದ ಬಲೆಯವರೆಗೆ ನಡೆದದ್ದನ್ನೆಲ್ಲ ಹೇಳಿದೆ. ಮೇಷ್ಟ್ರು ಏನೂ ಹೇಳಿಕೊಟ್ಟಿರಲಿಲ್ಲ, ಸುಳ್ಳು ಹೇಳಿ ನನ್ನನ್ನು ಉಳಿಸಿದರು, ನಾನು ಉಳಿದುಕೊಂಡೆ ಎಂದೆ. ಬರೀ ಬಾಯಲ್ಲಿ ಹೇಳಿದರೆ ನಂಬುವುದಿಲ್ಲವೆಂದು ಎದ್ದು ನಿಂತು ಕೈ ಹೇಗೆ ಹೋಯಿತೆಂದು ತೋರಿಸಿಯೂ ಬಿಟ್ಟೆ. ನಂಜೇಗೌಡನ ಟೀ ಆರಿಹೋಯಿತು. ‘ಅಯ್ಯೋ ನಿನ್ ಮನೆ ಕಾಯ್ವಾಗ! ಆ ಮನುಸ್ರನ್ನ ಇಷ್ಟ್ ವರ್ಸ ಬಯ್ಕಂಡು ತಿರುಗಿದ್ನಲ್ಲೋ ನಾನು. ನಮ್ ಬ್ಯಾರನ್ನಿಗೂ ನನ್ ಬದ್ಲು ಹತ್ತಿದ್ರು ಕಣ್ಲಾ ಅವ್ರು, ನಾಕ್ ಸಲ’ ಎಂದ. ಆಮೇಲೆ ಪ್ರತಿಯೊಬ್ಬನೂ ತನ್ನ ಮನೆಯ ಬ್ಯಾರನ್ನನ್ನು ನೆನೆಸಿಕೊಳ್ಳುತ್ತಿದ್ದನೆಂದು ಕಾಣುತ್ತದೆ. ಕೊನೆಗೆ, ನಾನು ಊಹಿಸಿಯೇ ಇರಲಿಲ್ಲ, ಪುಟ್ಟಸ್ವಾಮಿಗಳು ಬಾಯಿ ತೆರೆದರು. ‘ನಿಯಮ ಬದಲಾಯಿಸೋದು ಬೇಡ. ಕಪ್ಪು ಆವತ್ತೇ ಬಂದಿತ್ತು, ಮೇಷ್ಟ್ರು ತಂದೂ ಇದ್ದರು. ಕೈಬಿಟ್ಟವನು ಇವನು ಅಂತ ಬರೆದುಕೊಳ್ಳಿ, ಸಾಕು.’ ಸರ್ವಾನುಮತದಿಂದ ಅಂಗೀಕಾರವಾಯಿತು. ಬರೆದುಕೊಳ್ಳಬೇಕಾದವನು ನಾನೇ.

ಹೀಗಾಗಿ ನಡಾವಳಿ ಪುಸ್ತಕದಲ್ಲಿ ‘ಸದರಿ ಕಪ್ಪು ಶಾಲೆಗೆ ತಪ್ಪಿಹೋಗಲು ಗೋಲ್‌ಕೀಪರ್ ಗುರುಸಿದ್ದಪ್ಪ ಎಂಬುವವರೇ ಪೂರ್ಣ ಹೊಣೆಗಾರರಾಗಿರುತ್ತಾರೆ’ ಎಂದು ನನ್ನ ದುಂಡು ಅಕ್ಷರದಲ್ಲಿ ನಾನೇ ಬರೆದು, ಕೆಳಗೆ ಕಾರ್ಯದರ್ಶಿ ಗುರುಸಿದ್ದಪ್ಪ ಎಂದು ರುಜು ಹಾಕಿದೆ. ಸಮಾರಂಭದ ದಿನ ಮೈಕಿನಲ್ಲಿ ಓದಿದವನೂ ನಾನೇ. ಶಾಮಿಯಾನ ತುಂಬ ಜನ, ಕೋಟೆಯಿಂದ ರಜೆ ಹಾಕಿ ಬಂದ ಕಂಡಕ್ಟರ್ ಹೆಣ್ಣುಮಗಳು ಮೊದಲ ಸಾಲಿನಲ್ಲಿ. ಜನ ಮೊದಲು ನಕ್ಕರು, ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು, ನನಗಲ್ಲ ಬಿಡಿ. ಮೇಷ್ಟ್ರು ತಮ್ಮ ಫೋಟೋವನ್ನು ಹತ್ತಿರದಿಂದ ಒಮ್ಮೆ, ದೂರದಿಂದ ಒಮ್ಮೆ ನೋಡಿ, ನನ್ನ ಕಿವಿಯಲ್ಲಿ ‘ಯಾಕೆ ಹೇಳಿದೆ? ಯಾರಿಗೂ ಗೊತ್ತಿರಲಿಲ್ಲ ಅಲ್ವಾ?’ ಎಂದರು. ಕಣ್ಣು ಒದ್ದೆಯಾಗಿತ್ತು, ಆದರೆ ಎದೆ ಮಾತ್ರ ಫೋಟೋದಲ್ಲಿದ್ದಷ್ಟೇ ಸೆಟೆದಿತ್ತು. ಆ ಮನುಷ್ಯನ ಶಿಷ್ಯ ನಾನು ಎಂದು ಆ ಕ್ಷಣ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಇನ್ನೆರಡು ಗೋಲು ಬಿಟ್ಟಿದ್ದರೂ ಮೈಕಿನಲ್ಲಿ ಒಪ್ಪಿಕೊಂಡುಬಿಡುತ್ತಿದ್ದೆ.

ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಹಿಂದೆ ಕುಳಿತ ಗಿರಿಜಾ ಮಾತೇ ಆಡಲಿಲ್ಲ. ಅವಳು ಸುಮ್ಮನಿದ್ದರೆ ನನಗೆ ಭಯ. ‘ಒದ್ದೆ ನೆಲ ಅಂತ ಸುಳ್ಳು ಹೇಳಿದ್ದೆ, ತಪ್ಪಾಯ್ತು’ ಎಂದೆ. ಅವಳು ಕಿಲಕಿಲ ನಕ್ಕುಬಿಟ್ಟಳು. ‘ಅಯ್ಯೋ, ನಂಗೆ ಮದುವೆಗೆ ಮುಂಚೇನೇ ಗೊತ್ತಿತ್ತು ಕಣ್ರೀ. ಆವತ್ತು ಫೈನಲ್ ನೋಡಕ್ಕೆ ನಮ್ಮಪ್ಪ ಬಂದಿದ್ರು. ಆಮೇಲೆ ನಿಮ್ಮನ್ನ ನೋಡಕ್ಕೆ ಬಂದಾಗ ಮುಖ ನೋಡ್ತಿದ್ದಂಗೇ ಗುರುತು ಹಿಡಿದ್ರಂತೆ. ಮನೆಗೆ ಬಂದು ನಮ್ಮವ್ವಂಗೆ ಹೇಳಿದ್ರು, ಕೈಯಲ್ಲಿದ್ದ ಕಪ್ಪನ್ನೇ ನಮ್ಮೂರಿಗೆ ಕೊಟ್ಟುಬಿಟ್ಟ ಹುಡುಗ ಕಣೆ, ನಮ್ ಗಿರಿಜಾ ಕೇಳಿದ್ದನ್ನ ಇಲ್ಲ ಅಂತಾನಾ, ಕಣ್ಣು ಮುಚ್ಕೊಂಡು ಕೊಟ್ಬುಡಾನ ಅಂತ.’ ಇಷ್ಟು ವರ್ಷ ಮಾವನವರು ನನ್ನ ಅಂಗಡಿ ನೋಡಿ, ಮೈಕಟ್ಟು ನೋಡಿ ಹೆಣ್ಣು ಕೊಟ್ಟರೆಂದು ನಂಬಿಕೊಂಡು ಬಂದಿದ್ದೆ. ತಪ್ಪನ್ನು ಮೇಷ್ಟ್ರು ಹೊತ್ತರು. ಬಹುಮಾನವನ್ನು ನಾನು ಸ್ಕೂಟರಿನಲ್ಲಿ ಹೊತ್ತುಕೊಂಡು ಮನೆ ಸೇರಿದೆ.