ಬದಿಗೆ ನೋಡುವ ವಿದ್ಯೆ

ಮಾಸ್ತರಿಕೆ ಎಂಬುದು ನಿವೃತ್ತಿಯ ಹಾರದೊಂದಿಗೆ ವಾಸಿಯಾಗುವ ರೋಗವಲ್ಲ. ಮೂವತ್ತೈದು ವರ್ಷ ವಿಜ್ಞಾನ ಕಲಿಸಿದವನು ಮನೆಮಂದಿಯ ಮಾತಿಗೂ ಸರಿ-ತಪ್ಪು ಗುರುತು ಹಾಕುತ್ತಲೇ ಇರುತ್ತಾನೆ. ನಾನು ಹಾಕಿದ ತಪ್ಪು ಗುರುತೊಂದನ್ನು ಈಗ ಅಳಿಸಬೇಕಾಗಿದೆ. ಅದಕ್ಕೆ ತಕ್ಕ ರಬ್ಬರು ಇಳಕಲ್ಲಿನ ಯಾವ ಅಂಗಡಿಯಲ್ಲೂ ಇಲ್ಲ.

ಉತ್ತರದ ಆಕಾಶದಲ್ಲಿ, ಅಭಿಜಿತ್ ನಕ್ಷತ್ರದ ಬಳಿ, ಉಂಗುರದಂಥ ಗ್ರಹ ನೀಹಾರಿಕೆಯೊಂದಿದೆ. ಅದನ್ನು ಕಾಣಲೆಂದೇ ದೂರದರ್ಶಕ ತರಿಸಿದ್ದೆ. ಹೋದ ವರ್ಷ ದೀಪಾವಳಿ ಮುಗಿದ ವಾರ, ದೀಪ ಹಚ್ಚುವ ಹೊತ್ತು ದಾಟಿದ ಮೇಲೆ, ಹೆಂಡತಿ ಶಂಕ್ರವ್ವನನ್ನು ಮಾಳಿಗೆಗೆ ಕರೆದು, ಸ್ಟೂಲಿನ ಮೇಲೆ ಕೂರಿಸಿ ಪಾಠ ಆರಂಭಿಸಿದೆ. ಅದಕ್ಕೂ ಗ್ರಹಕ್ಕೂ ಸಂಬಂಧವಿಲ್ಲ, ದುಂಡಗೆ ಕಂಡಿತೆಂದು ಹಿಂದಿನವರು ಹಾಗೆ ಹೆಸರಿಟ್ಟರು, ಖರೆ ನೋಡಿದರೆ ಅದು ಮುಪ್ಪಾದ ನಕ್ಷತ್ರವೊಂದು ಕಳಚಿ ಚೆಲ್ಲಿದ ಮೈ ಎಂದೆಲ್ಲ ವಿವರಿಸಿದೆ.

"ಸಾಯೂ ಚಿಕ್ಕಿಗೂ ಗ್ರಹದ ಕಾಟ ತಪ್ಪಲಿಲ್ಲ ಅನ್ರಿ," ಎಂದಳು.

ನಾನು ಅರ್ಧ ತಾಸು ನೋಡಿದೆ. ಏನೂ ಕಾಣಲಿಲ್ಲ. ಆಕೆ ಬಗ್ಗಿದವಳೇ, "ಐತಲ್ರೀ! ಹೊಗಿ ಸುತ್ತಿದಂಗ, ಸಣ್ಣ ಉಂಗುರ. ನೆಟ್ಟಗ ನೋಡಬ್ಯಾಡ್ರಿ, ಬದಿಗೆ ನೋಡ್ರಿ. ಮಗ್ಗದಾಗ ಹರದ ಎಳಿ ಹುಡುಕಿದಂಗ," ಎಂದಳು.

ಆಕೆ ಗುಡೂರಿನ ನೇಕಾರರ ಮಗಳು. ಹರಿದ ರೇಷ್ಮೆ ಎಳೆ ನೆಟ್ಟ ನೋಟಕ್ಕೆ ಸಿಗದು, ಓರೆನೋಟಕ್ಕೇ ಸಿಕ್ಕುವುದೆಂದು ಅವರಪ್ಪ ಕಲಿಸಿದ್ದನಂತೆ.

"ನನ್ನ ಖುಷಿ ಮಾಡಾಕ ಸುಳ್ಳ ಹೇಳಬ್ಯಾಡ. ಆಕಾಶ ಅಂದ್ರ ನಿಮ್ಮಪ್ಪನ ಮಗ್ಗ ಅಲ್ಲ," ಎಂದೆ.

"ಆತು ಬಿಡ್ರಿ. ನಿಮಗ ಕಂಡಿದ್ದಷ್ಟ ಖರೆ." ರೊಟ್ಟಿ ಬಡಿಯಲು ಇಳಿದುಹೋದಳು.

ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಸಂಕ್ರಾಂತಿಗೆ ಮುಂಚೆ, ಮೂರೇ ದಿನದ ಜ್ವರದಲ್ಲಿ, ಹೋಗಿಬಿಟ್ಟಳು.

ಮಳೆಗಾಲದಲ್ಲಿ ಪುಸ್ತಕವೊಂದನ್ನು ತಿರುವುತ್ತಿದ್ದಾಗ ತಿಳಿಯಿತು: ಮಂಕಾದ ನೀಹಾರಿಕೆಗಳನ್ನು ನೇರವಾಗಿ ನೋಡಬಾರದಂತೆ, ತುಸು ಬದಿಗೆ ನೋಡಬೇಕಂತೆ. ಕಣ್ಣಿನ ನಟ್ಟನಡುವಿನ ಭಾಗ ಕತ್ತಲಲ್ಲಿ ದಡ್ಡ. ಮನೆಯ ನಟ್ಟನಡುವೆ ಕೂತ ಮಾಸ್ತರನ ಹಾಗೆ.

ಈ ದೀಪಾವಳಿಯಾದ ಮೇಲೆ ಮಾಳಿಗೆ ಹತ್ತಿದೆ. ಸ್ಟೂಲನ್ನೂ ಒಯ್ದೆ, ಯಾಕೆಂದು ಕೇಳಬೇಡಿ. ಓದಿದ್ದೆಲ್ಲ ಮರೆತು ಹಳೆಯ ಚಾಳಿಯಂತೆ ನೆಟ್ಟಗೆ ನೋಡಿದೆ. ಬರೀ ಕತ್ತಲೆ. ಕಣ್ಣು ಕೊಳವೆಗೆ ಅಂಟಿಕೊಂಡಿದ್ದಂತೆಯೇ, "ಕಾಣ್ತೈತೇನ?" ಎಂದು ಕೇಳಿಬಿಟ್ಟೆ; ಕಣ್ಣುಗುಡ್ಡೆ ಮಾತ್ರ ಖಾಲಿ ಸ್ಟೂಲಿನ ಕಡೆಗೆ ಹೊರಳಿತು. ಆಗ ಅಂಚಿನಲ್ಲಿ ಮೂಡಿತು, ಹೊಗೆ ಸುತ್ತಿದಂತೆ ಸಣ್ಣ ಉಂಗುರ. ನೋಡಹೋದರೆ ಇಲ್ಲ, ಸ್ಟೂಲಿನ ಕಡೆಗೆ ಹೊರಳಿದರೆ ಇದೆ.

ಪಕ್ಕದ ಮಾಳಿಗೆಯಿಂದ ನೆರೆಯ ಸಂಗಪ್ಪ ಕೂಗಿದ: "ಏನ್ರಿ ಮಾಸ್ತರ, ಸಿಕ್ತೇನ್ರಿ ನಿಮ್ಮ ಉಂಗುರ?" ಗೋಡೆ ದಾಟಿ ಬಂದು ಇಣುಕಿದ. "ಏನೂ ಇಲ್ಲಲ್ರೀ!"

"ಬದಿಗೆ ನೋಡಪಾ."

"ಹೌದ್ರೀ, ಐತಿ! ಇದನ್ಯಾರು ಕಲಿಸಿದ್ರು ನಿಮಗ?"

ಹೆಸರು ಹೇಳಲು ಬಾಯಿ ತೆರೆದೆ.

"ಪುಸ್ತಕದಾಗ ಐತಿ," ಎಂದುಬಿಟ್ಟೆ.

ಹೀಗೆ, ಮರುಮೌಲ್ಯಮಾಪನದಲ್ಲೂ ಆಕೆಗೆ ನಾನು ಕೊಟ್ಟದ್ದು ಅದೇ ದುಂಡನೆಯ ಸೊನ್ನೆ.