ಅಳಿಯನ ಕಾಲುವೆ, ಅತ್ತೆಯ ಆ್ಯಪು

ನಾನು ಯಾರನ್ನೂ ನಂಬುವುದಿಲ್ಲ ಎಂಬುದು ನನ್ನ ಹೆಂಡತಿಯ ದೂರು. ಅಪ್ಪಟ ಸುಳ್ಳು. ನಾನು ನನ್ನನ್ನು ನಂಬುತ್ತೇನೆ. ಅನಾಹುತ ಶುರುವಾಗಿದ್ದೇ ಅಲ್ಲಿಂದ.

ನನ್ನದು ಕನ್ನಡಕದಂಗಡಿ. ಊರವರ ದೃಷ್ಟಿದೋಷವನ್ನೆಲ್ಲ ತಿದ್ದುವವನಿಗೆ ದೂರದೃಷ್ಟಿ ಇರುವುದು ಸಹಜ ತಾನೆ? ನಮ್ಮ ಬೀದಿಯ ಅಂಗಡಿಗಳು ಒಂದೊಂದಾಗಿ ಬಿಟ್‌ಕಾಯಿನ್ ತೆಗೆದುಕೊಳ್ಳತೊಡಗಿದಾಗ, ನನ್ನ ಉಳಿತಾಯದ ಜೊತೆಗೆ, ಹೆಂಡತಿ ಹೊಸ ಹೊಲಿಗೆ ಯಂತ್ರಕ್ಕೆಂದು ಕೂಡಿಟ್ಟಿದ್ದನ್ನೂ ಅದಕ್ಕೇ ಸುರಿದೆ. (ಅವಳನ್ನು ಕೇಳಿಯೇ ಸುರಿದೆ. ಆಗವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಪರದೆ ಹೊಲಿಯುತ್ತಿದ್ದಳು. "ಊಂ" ಎಂದಳು. ನಾನು ಒಪ್ಪಿಗೆ ಎಂದುಕೊಂಡೆ.)

ಆದರೆ ಬಿಟ್‌ಕಾಯಿನ್ನಿನ ಮೂಲ ದಾಖಲೆಯಲ್ಲಿ ಒಂದು ಬ್ರೆಡ್ಡಿನ ವ್ಯವಹಾರ ಬರೆಸಲು ಹೋದರೆ ಬ್ರೆಡ್ಡಿಗಿಂತ ಶುಲ್ಕವೇ ಹೆಚ್ಚು. ಅದಕ್ಕೆ ಪರಿಹಾರ ಪಾವತಿ ಕಾಲುವೆ. ಇಬ್ಬರು ಒಮ್ಮೆ ಶುಲ್ಕ ತೆತ್ತು ನಡುವೆ ಕಾಲುವೆ ತೋಡಿ ಹಣ ತುಂಬಿಟ್ಟರೆ, ಆಮೇಲೆ ಅತ್ತಿಂದಿತ್ತ ಎಷ್ಟು ಸಲ ಬೇಕಾದರೂ ಹರಿಸಬಹುದು. ಆಚೆ ತುದಿಯವನ ಮೂಲಕ ಅವನ ಪರಿಚಯದವರಿಗೂ ಹರಿಸಬಹುದು. ನಾನು ನಮ್ಮ ಮನೆಯ ಕೆಳಗಿನ ಬೇಕರಿಯವನ ಜೊತೆ ಭಗೀರಥನಂತೆ ಕಾಲುವೆ ತೋಡಿದೆ.

"ಇದನ್ನೆಲ್ಲ ನೋಡ್ಕೊಳ್ಳೋ ಕಂಪನಿ ಇದ್ಯಂತಲ್ಲ, ಅಳಿಯಂದಿರೇ," ಎಂದರು ನಮ್ಮ ಜೊತೆಯಲ್ಲೇ ಇರುವ ಅತ್ತೆ. "ಆ ಬಿಟ್ಟ ಕಾಯಿನ್ನ ಅವರ ಕೈಗೆ ಕೊಟ್ಬಿಟ್ರೆ ಆಯ್ತಂತೆ."

"ಬಿಟ್ಟ ಕಾಯಿನ್ ಅಲ್ಲ ಅತ್ತೆ, ಬಿಟ್‌ಕಾಯಿನ್. ಕೀಲಿಕೈ ಯಾರ ಹತ್ರಾನೋ, ಹಣಾನೂ ಅವರದ್ದೇ! ನಾಳೆ ಕಂಪನಿ ಓಡಿಹೋದ್ರೆ?"

ಅತ್ತೆ ಎದ್ದು ಅಡುಗೆಮನೆಗೆ ಹೋದರು. ಅವರು ಹೀಗೆ ಎದ್ದುಹೋದಾಗ ನಾನು ಗೆದ್ದೆ ಎಂದುಕೊಳ್ಳುವುದು ನನ್ನ ಹಳೆಯ ಚಾಳಿ.

ಮೊದಲ ವಾರವೇ ತಿಳಿಯಿತು: ಕಾಲುವೆಯ ನನ್ನ ತುದಿ ತುಂಬಿದ್ದರೆ ಗಿರಾಕಿಗಳ ಹಣ ಒಳಗೆ ಬರುವುದಿಲ್ಲ. ಜಾಗ ಮಾಡಲು ನಾನು ಮೊದಲು ಖರ್ಚು ಮಾಡಬೇಕು. ಅಂದರೆ ಒಂದು ಕನ್ನಡಕ ಮಾರಲು ಅಷ್ಟೇ ಬೆಲೆಯ ಬನ್ನು ಕೊಳ್ಳಬೇಕು! ವ್ಯಾಪಾರ ಚೆನ್ನಾಗಿ ಆದ ದಿನ ಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಬರೀ ಬನ್ನು.

"ರೀ, ಇವತ್ತು ಎಷ್ಟು ಮಾರಿದ್ರಿ?" ಎಂದು ಹೆಂಡತಿ ನಡುಗುತ್ತ ಕೇಳುತ್ತಿದ್ದಳು.

"ಮೂರು."

"ಅಯ್ಯೋ ದೇವ್ರೇ! ನಾಳೆ ಅಂಗಡಿಗೆ ರಜಾ ಹಾಕ್ರೀ."

ಸಾಲದ್ದಕ್ಕೆ ಬೇಕರಿಯವನು ಹಳೆಯ ಲೆಕ್ಕ ತೋರಿಸಿ ಕಾಲುವೆ ಮುಚ್ಚಿ ಮೋಸ ಮಾಡಿಯಾನೆಂದು ನನ್ನ ಫೋನು ಸದಾ ಎಚ್ಚರವಿರಬೇಕಿತ್ತು. ಸ್ನಾನದ ಮನೆಗೂ ಅದು ನನ್ನ ಜೊತೆಗೇ ಬರುತ್ತಿತ್ತು. (ಆ ಬಡಪಾಯಿಗೆ ಮೋಸ ಮಾಡುವುದಿರಲಿ, ಕಾಲುವೆ ಇದೆ ಎಂಬುದೇ ಅರ್ಧ ದಿನ ಮರೆತುಹೋಗುತ್ತಿತ್ತು.)

ಅಷ್ಟರಲ್ಲಿ ಹೆಂಡತಿಗೆ ನರ್ಸಿಂಗ್ ಹೋಮಿನಿಂದ ನಲವತ್ತು ಪರದೆಗಳ ಆರ್ಡರ್ ಬಂತು. ಹಳೆಯ ಯಂತ್ರ ನಾಲ್ಕನೆಯ ಪರದೆಗೇ ಪ್ರಾಣ ಬಿಟ್ಟಿತು. ಹೊಸದು ಭಾನುವಾರ ಬೆಳಿಗ್ಗೆ ಮನೆಬಾಗಿಲಿಗೆ ಬಂತು. ತಂದವನು ಹಣೆಯ ಬೆವರು ಒರೆಸಿಕೊಂಡು, "ಸಾರ್, ಪೇಮೆಂಟ್," ಎಂದ.

ನಾನು ಗತ್ತಿನಿಂದ ಫೋನು ಒತ್ತಿದೆ. "ದಾರಿ ಸಿಗಲಿಲ್ಲ" ಎಂದಿತು. ಮತ್ತೆ ಒತ್ತಿದೆ. ಸಿಗಲಿಲ್ಲ. ಕೆಳಗೆ ಓಡಿದೆ. ಬೇಕರಿಯ ಶಟರ್ ಎಳೆದಿತ್ತು. ಅಕ್ಕನ ಮನೆಗೆ ಹೋಗಿದ್ದಾನಂತೆ, ಫೋನು ಸ್ವಿಚ್ ಆಫ್. ಕಾಲುವೆಯ ಆಚೆ ತುದಿಯೇ ಮಲಗಿದ್ದರೆ ಈಚೆಯವನು ಏನು ಹರಿಸಿಯಾನು? ನಾನೊಬ್ಬನೇ ಬಲವಂತವಾಗಿ ಮುಚ್ಚಿದರೆ ಹಣ ಕೈಗೆ ಬರಲು ಒಂದು ವಾರ.

"ಸಾರ್, ಇನ್ನೂ ಮೂರು ಮನೆಗೆ ಹೋಗ್ಬೇಕು," ಎನ್ನುತ್ತ ಅವನು ಯಂತ್ರವನ್ನು ವಾಪಸ್ ಎತ್ತಲು ಬಗ್ಗಿದ. ಹೆಂಡತಿ ಅದರ ಮೇಲಿಟ್ಟ ಕೈ ತೆಗೆಯಲಿಲ್ಲ.

ಆಗ ಅತ್ತೆ ಸೊಂಟದಿಂದ ತಮ್ಮ ಫೋನು ತೆಗೆದು ಅವನ ಕ್ಯೂಆರ್ ಚೀಟಿಯ ಮುಂದೆ ಹಿಡಿದರು. ಟಿಣ್! ಹಣ ಸಂದಾಯ.

"ಇದು ಆ ಕಂಪನಿ ಆ್ಯಪಾ?" ಎಂದೆ. "ಅತ್ತೆ, ಅವರು ಓಡಿಹೋದ್ರೆ...?"

"ಓಡಿಹೋದ್ರೆ ಹೋಗ್ಲಿ ಬಿಡಿ. ನೀವು ಇಲ್ಲೇ ನಿಂತಿದ್ದೂ ಕೊಡಕ್ಕಾಗ್ಲಿಲ್ವಲ್ಲ!"

ನಾನು ಕಾಲುವೆ ಮುಚ್ಚಿದೆ. ಒಂದು ವಾರಕ್ಕೆ ಹಣ ಬಂತು. ಮತ್ತೆ ತೋಡಲು ಮತ್ತೆ ಶುಲ್ಕ, ಮತ್ತೆ ಬನ್ನು. ಬಾಗಿಲು ಚಿಲಕ ಹಾಕಿಕೊಂಡು, ಗುಟ್ಟಾಗಿ, ಕೇವಲ ತಾತ್ಕಾಲಿಕವಾಗಿ, ಎಲ್ಲವನ್ನೂ ಅತ್ತೆಯ ಕಂಪನಿಗೇ ಹಾಕಿದೆ. ಎಂಥ ಸುಖ! ಹತ್ತು ದಿನ ನೆಮ್ಮದಿಯಿಂದ ಸ್ನಾನ ಮಾಡಿದೆ.

ಹನ್ನೊಂದನೆಯ ದಿನ ಆ್ಯಪು ತೆರೆಯಲಿಲ್ಲ. ಊಟಕ್ಕೆ ಕೂತಾಗ ಅತ್ತೆಯೇ ಮಾತು ತೆಗೆದರು. "ಕಂಪನಿಯವರು ಎಲ್ಲರ ಹಣಾನೂ ತಡೆಹಿಡಿದಿದ್ದಾರಂತೆ ಕಣೇ."

ನಾನು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ. "ನಿಮ್ಮದು ಎಷ್ಟಿತ್ತು ಅತ್ತೆ?"

"ಎರಡು ದಿನದ ಹಾಲು ಬ್ರೆಡ್ಡಿಗಾಗೋಷ್ಟು. ಇದ್ದದ್ದನ್ನೆಲ್ಲ ಮಿಷನ್ನಿಗೇ ಕೊಟ್ನಲ್ಲ. ಅಪರಿಚಿತರ ಹತ್ರ ಜಾಸ್ತಿ ಇಡಕ್ಕಾಗತ್ಯೇ?"

"ಪಾಪ, ಯಾರಾದ್ರೂ ಎಲ್ಲಾನೂ ಅಲ್ಲೇ ಇಟ್ಟಿದ್ರೆ?" ಎಂದಳು ಹೆಂಡತಿ.

"ಅಂಥ ಪೆದ್ದ ಯಾರಿರ್ತಾನೆ?" ಎಂದರು ಅತ್ತೆ.

"ಯಾರೂ ಇರಲ್ಲ," ಎಂದೆ ನಾನು, ದೃಢವಾಗಿ.

ಅಷ್ಟರಲ್ಲಿ ಅತ್ತೆಯ ಫೋನು ಟಿಣ್ ಎಂದಿತು. ಅವರು ಕನ್ನಡಕ ಏರಿಸಿ ಓದಿದರು: "'ಮಾನ್ಯ ಗ್ರಾಹಕರೇ, ಅಡಚಣೆಗಾಗಿ ವಿಷಾದಿಸುತ್ತೇವೆ...' ನೋಡೇ, ಗ್ರಾಹಕರಿಗೆಲ್ಲ ಒಂದೇ ಸಲ ಕಳಿಸಿದಾರೆ ಅನ್ಸತ್ತೆ."

ಆ ಕ್ಷಣಕ್ಕೆ ಸರಿಯಾಗಿ ನನ್ನ ಜೇಬು ಟಿಣ್ ಎಂದಿತು.