ಶಮೀಮಳ ಕಂಪ್ಯೂಟರಿನ ಮಾನ ಉಳಿಸಲು ಹೋಗಿ

ಕೆಲವರಿಗೆ ಯಾರೂ ಕೇಳದಿದ್ದರೂ ಮೊಣಕಾಲು ನೋವಿಗೆ ಮದ್ದು ಹೇಳುವ ಚಟವಿರುತ್ತದೆ. ನನಗಿರುವುದು ಕಂಡವರ ಕಂಪ್ಯೂಟರಿಗೆ ಮುಕ್ತ ತಂತ್ರಾಂಶ ಹಾಕುವ ಚಟ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು ಎಂದು ನಾನು ಶುರು ಮಾಡಿದರೆ ಸ್ಟಾಫ್ ರೂಮಿನಲ್ಲಿದ್ದ ಟೀಚರುಗಳಿಗೆಲ್ಲ ಒಮ್ಮೆಲೇ ತಮ್ಮ ಕ್ಲಾಸು ನೆನಪಾಗುತ್ತದೆ. ನೆನಪಾಗಲಿ. ನಾನಂತೂ ಬಿಡುವವಳಲ್ಲ.

ಕೂಡ್ಲಿಗಿ ಬಸ್ ಸ್ಟ್ಯಾಂಡ್ ಹತ್ತಿರ ಮದುವೆ ಕಾರ್ಡು ಮಾಡಿಕೊಡುವ ಶಮೀಮ್ ನನ್ನ ಗೆಳತಿ. ಅವಳ ಕಂಪ್ಯೂಟರಿಗೆ ಯಾರೋ ನಕಲಿ ತಂತ್ರಾಂಶ ತುಂಬಿ ಹೋಗಿದ್ದರು. ಅದು ಬೆಳಿಗ್ಗೆ ಎದ್ದ ಕೂಡಲೇ ಮುಖ ಕಪ್ಪು ಮಾಡಿಕೊಂಡು, ‘ಇದು ಅಸಲಿಯಲ್ಲ’ ಎಂದು ಬರೆದುಕೊಂಡು ಕೂರುತ್ತಿತ್ತು. “ಗಿರಾಕಿ ಮುಂದ ನನ್ನ ಕಳ್ಳಿ ಅಂತೈತಿ ನೋಡಕ್ಕ. ನನ್ನ ಕರೆಂಟು ತಿಂದು ನನಗ ಅಂತೈತಿ!” ಎಂದು ಶಮೀಮ್ ಗೋಳಾಡಿದಾಗ ನನ್ನ ರಕ್ತ ಕುದಿಯಿತು. ಭಾನುವಾರ ಕೂತು ಹಳೆಯದನ್ನು ಬುಡಸಮೇತ ಕಿತ್ತು, ನನ್ನದನ್ನು ಹಾಕಿದೆ. ಇನ್ನು ನಿನ್ನನ್ನು ಯಾವ ಕಂಪನಿಯೂ ಪ್ರಶ್ನಿಸುವಂತಿಲ್ಲ ಎಂದು ಭಾಷಣವನ್ನೂ ಬಿಗಿದೆ. ಎದುರಿನ ಜೆರಾಕ್ಸ್ ಅಂಗಡಿಯ ವೀರೇಶ, “ಪುಕ್ಕಟೆ ಬಂದಿದ್ದು ಎಷ್ಟು ದಿನ ಬಾಳತೈತ್ರಿ ಟೀಚರ್?” ಎಂದ. “ಗಾಳಿನೂ ಪುಕ್ಕಟೇನ ಐತಿ. ನೀ ಬಾಳಾಕತ್ತಿಲ್ಲೇನು?” ಎಂದೆ.

ಮರುದಿನವೇ ಶೇಂಗಾ ವ್ಯಾಪಾರದ ಕೊಟ್ರಪ್ಪನವರು ಕಿರಿಯ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದರು. ಹಿರಿಯ ಮಗಳ ಮದುವೆಯ ಕಾರ್ಡು ಪೆನ್ ಡ್ರೈವಿನಲ್ಲಿತ್ತು. ವಧೂವರರ ಹೆಸರು, ತಾರೀಖು ಬದಲಿಸಿ, ತಮ್ಮ ನಾಗಪ್ಪನ ಹೆಸರು ಅಳಿಸಿಕೊಟ್ಟರೆ ಸಾಕು ಎಂದರು. ಹೊಲದ ಬದುವಿನ ಜಗಳದಿಂದ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಶಮೀಮ್ ಫೈಲು ತೆರೆದಳು. ಪರದೆಯ ತುಂಬ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು! ಹಳೆಯ ಫಾಂಟಿನಲ್ಲಿ ಬರೆದ ಕನ್ನಡ ನನ್ನ ಹೊಸ ತಂತ್ರಾಂಶಕ್ಕೆ ಅರ್ಥವಾಗಿರಲಿಲ್ಲ.

ಶಮೀಮಳ ಫೋನು ಬಂದು ಊಟದ ಬಿಡುವಿನಲ್ಲಿ ನಾನು ಓಡಿ ಹೋದಾಗ ವೀರೇಶ ಎದುರಿನಿಂದ, “ಇಲ್ಲಿ ಬರ್ರಿ ಯಜಮಾನ್ರ, ಈಗಿಂದೀಗ ಮಾಡಿಕೊಡ್ತೀನಿ” ಎಂದು ಕರೆಯುತ್ತಿದ್ದ. ಶಮೀಮ್ ನನ್ನ ಕಿವಿಯಲ್ಲಿ, “ಅಕ್ಕಾ, ಹಳೇದ ಹಾಕಿಬಿಡು. ಗಿರಾಕಿ ಹೋದ್ರ ನಾ ಅಂಗಡಿ ಮುಚ್ಚಬೇಕಾಕ್ಕೈತಿ” ಎಂದಳು. ಕಣ್ಣಲ್ಲಿ ನೀರಿತ್ತು. ಆದರೆ ಸೋಲುವುದೇ? ಅದೂ ವೀರೇಶನ ಮುಂದೆ?

“ಹೊಸ ಮದುವಿಗೆ ಹಳೇ ಕಾರ್ಡು ಯಾಕ್ರಿ? ನೀವು ಹೇಳ್ರಿ, ನಾನು ಬರೀತೀನಿ” ಎಂದು ಕುಳಿತೇಬಿಟ್ಟೆ.

ಕೊಟ್ರಪ್ಪನವರು ಹೇಳಿದರು, ನಾನು ಎರಡೇ ಬೆರಳಿನಲ್ಲಿ ಕುಟ್ಟಿದೆ. ತಮ್ಮ ತಾಯಿಯ ಹೆಸರು ಬಂದಾಗ ಅವರು ಬೆಚ್ಚಿದರು. “ಅಯ್ಯ ಶಿವನ, ಹಳೇ ಕಾರ್ಡಿನಾಗ ಅವ್ವ ಬದುಕಿದ್ಲು. ಲಿಂಗೈಕ್ಯ ಅಂತ ಹಾಕ್ರಿ.” ಕೊನೆಗೆ, “ಸುಖಾಗಮನ ಬಯಸುವವರು, ಕೊಟ್ರಪ್ಪ ಮತ್ತು...” ಎಂದವರು ನಿಂತುಬಿಟ್ಟರು. ಪರದೆಯ ಮೇಲಿನ ಹೆಸರನ್ನು ಅಳಿಸುವುದು ಸುಲಭ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗುವುದು ಕಷ್ಟ.

ಮಗಳು ಮೆಲ್ಲಗೆ, “ಕಾಕಾನ ಹೆಸರಿಲ್ಲಂದ್ರ ನಾ ಹಸೆಮಣಿ ಮ್ಯಾಲ ಕೂಡಂಗಿಲ್ಲಪ್ಪ” ಎಂದಳು. ಕೊಟ್ರಪ್ಪನವರು ರಸ್ತೆಯ ಕಡೆ ನೋಡುತ್ತ ನಿಂತರು. ಒಂದು ಬಸ್ಸು ಬಂದು ಜನರನ್ನು ಇಳಿಸಿ ಹೋಯಿತು. “ಬರಕೊಳ್ರಿ,” ಎಂದರು. “ನಾಗಪ್ಪ. ಮುಂದ ಶ್ರೀ ಹಾಕ್ರಿ.”

ಮುಕ್ತ ತಂತ್ರಾಂಶ ಅಣ್ಣತಮ್ಮಂದಿರನ್ನು ಒಂದು ಮಾಡಿತೆಂದು ನಾನು ಊರೆಲ್ಲ ಸಾರಿದೆ. ಕಾರ್ಡು ಅಚ್ಚಾಗಿ ಹೋದ ಮೇಲೆ ಒಂದು ಸಂಜೆ ಶಮೀಮಳ ಅಂಗಡಿಯಲ್ಲಿದ್ದಾಗ ಒಂದೇ ಬೈಕಿನಲ್ಲಿ ಇಬ್ಬರೂ ಬಂದಿಳಿದರು. ನನ್ನ ಎದೆ ಉಬ್ಬಿತು. ಚಹಾ ತರಿಸು ಎಂದು ಶಮೀಮಳಿಗೆ ಕಣ್ಸನ್ನೆ ಮಾಡಿದೆ. ನಾಗಪ್ಪ ಕಾರ್ಡನ್ನು ಮೇಜಿನ ಮೇಲೆ ಕುಕ್ಕಿದ. “ಮದುವಿ ಇರೋದು ಕೊಟ್ಟೂರಾಗ್ರಿ. ನೀವು ಮಂದೀನ ಕೂಡ್ಲಿಗಿಗೆ ಕರದೀರಲ್ರಿ!” ತಮ್ಮ ಉಸಿರು ತೆಗೆದುಕೊಳ್ಳಲು ನಿಂತರೆ ಅಣ್ಣ ಮುಂದುವರಿಸಿದರು, ಅಣ್ಣ ತಡವರಿಸಿದರೆ ತಮ್ಮ ಮಾತು ಒದಗಿಸಿದ. ಅಷ್ಟು ಒಗ್ಗಟ್ಟನ್ನು ನಾನು ಎಲ್ಲಿಯೂ ಕಂಡಿಲ್ಲ.

ಕೊಟ್ರಪ್ಪನವರು ಕೊಟ್ಟೂರು ಎಂದದ್ದನ್ನು ನಾನೇ ಅಭ್ಯಾಸಬಲದಿಂದ ಕೂಡ್ಲಿಗಿ ಎಂದು ಕುಟ್ಟಿದ್ದೆ. ತಪ್ಪನ್ನು ಕಂಪ್ಯೂಟರಿನ ಮೇಲೆ ಹಾಕೋಣವೆಂದು ಬಾಯಿ ತೆರೆದೆ. ವೀರೇಶ ಎದುರಿನ ಬಾಗಿಲಲ್ಲಿ ಕಿವಿ ನಿಮಿರಿಸಿಕೊಂಡು ನಿಂತಿದ್ದ.

“ಕಂಪ್ಯೂಟರಿಂದು ಏನೂ ತಪ್ಪಿಲ್ರಿ,” ಎಂದೆ, ಅವನಿಗೂ ಕೇಳುವಷ್ಟು ಗಟ್ಟಿಯಾಗಿ. “ಬುದ್ಧಿ ಇಲ್ದಾಕಿ ನಾನ!”